ಚಿತ್ರ ೮.೩ ನೋಡಿ

ಆ ಸೋಮವಾರ ನಾನು ಡೈರಿಯಲ್ಲಿ ಬರೆದದ್ದು ಒಂದೇ ಸಾಲು. ಎಂಟನೆಯ ಅಧ್ಯಾಯ ಬಂದಾಗಲೆಲ್ಲ ನಾನು ಹಾಳೆ ಹಾರಿಸುತ್ತೇನೆ ಎನ್ನುವುದು ಪಕ್ಕದ ಮನೆಯ ತುಂಗಕ್ಕನಿಗೆ ಗೊತ್ತಾಗಿಬಿಟ್ಟಿದೆಯೇನೋ. ಬರೆದು, ಬರೆದದ್ದನ್ನು ಮತ್ತೆ ನೋಡದೆ, ಪುಸ್ತಕ ಮುಚ್ಚಿ ಹಾಸಿಗೆಯ ಕೆಳಗೆ ತಳ್ಳಿದೆ. ನಮ್ಮೂರಿನಲ್ಲಿ ಡೈರಿ ಇಡುವವರು ಅದನ್ನು ಓದುವ ರೂಢಿಯಿಲ್ಲ. ಬರೆಯುವಾಗಲೂ ಕಣ್ಣು ಹಿಂದಿನ ಪದಕ್ಕೆ ಜಾರಬಾರದೆಂದು ಕಿಟಕಿಯ ಕಡೆ ನೋಡುತ್ತ ಬರೆಯುತ್ತೇವೆ. ಅದಕ್ಕೇ ನನ್ನ ಸಾಲುಗಳು ಒಂದರ ಬೆನ್ನ ಮೇಲೊಂದು ಹತ್ತಿ ಕೂತಿರುತ್ತವೆ.

ಮನಸ್ಸಿನಲ್ಲೇ ಓದಿಕೊಂಡದ್ದು ನಮ್ಮಲ್ಲಿ ಮೂಡಣ ಪಕ್ಕದ ಮನೆಗೆ ಕೇಳಿಸುತ್ತದೆ. ಓದಿದವರ ದನಿಯಲ್ಲೇ, ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಓದಿದಷ್ಟು ಸ್ಪಷ್ಟವಾಗಿ. ಬಾಯಿಬಿಟ್ಟು ಓದಿದರೆ ಮಾತ್ರ ಎಲ್ಲ ಊರುಗಳ ಹಾಗೆ ನಮ್ಮ ಮನೆಯವರ ಕಿವಿಗೇ ಬೀಳುತ್ತದೆ. ಯಾರಿಗೆ ಕೇಳಿಸಿದರೆ ಪರವಾಗಿಲ್ಲ ಎನ್ನುವುದನ್ನು ಓದುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಪ್ರೇಮಪತ್ರ ಬಂದ ಹುಡುಗಿಯರು ಹಿತ್ತಲಿಗೆ ಹೋಗಿ ಪಿಸುಗುಟ್ಟಿ ಓದುತ್ತಾರೆ. ಎರಡು ಮನೆಗೆ ಒಂದೇ ದಿನಪತ್ರಿಕೆ ಸಾಕು. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು ಎದ್ದವರೇ "ನಿಮ್ಮ ಕೇಳುಮನೆ ಯಾವುದು?" ಎಂದು ವಿಚಾರಿಸಿ, ಸೀದಾ ಅಲ್ಲಿಗೆ ಹೋಗಿ ಹುಡುಗಿಯ ಸ್ವಭಾವ ತಿಳಿದುಕೊಳ್ಳುತ್ತಾರೆ. ಗ್ರಂಥಾಲಯದ ಗೋಡೆಯ ಮೇಲೆ "ದಯವಿಟ್ಟು ಮೌನವಾಗಿ ಓದಬೇಡಿ" ಎಂಬ ಫಲಕವಿದೆ. ಅದರ ಮೂಡಣಕ್ಕೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿದ್ದು, ಪತ್ತೇದಾರಿ ಕಾದಂಬರಿಯ ಕೊಲೆಗಾರ ಸಿಗುವವರೆಗೆ ರೋಗಿಗಳು ಕುರ್ಚಿ ಬಿಟ್ಟು ಏಳುವುದಿಲ್ಲವೆಂದು ಅವರು ದೂರು ಕೊಟ್ಟಿದ್ದರು.

ನಮ್ಮ ಪಡುವಣ ಮನೆಯ ಸೊಸೆ ವಾರಪತ್ರಿಕೆಯ ಧಾರಾವಾಹಿ ಓದುತ್ತ ಮಧ್ಯದಲ್ಲೇ ನಿದ್ದೆಹೋಗುತ್ತಾಳೆ. ಅಮ್ಮ ಒಗ್ಗರಣೆ ಸೌಟು ಹಿಡಿದೇ ಅವರ ಮನೆ ಬಾಗಿಲಿಗೆ ಹೋಗಿ "ಏಳೇ ಮಾರಾಯ್ತಿ, ಆ ಹುಡುಗ ಬಾವಿಗೆ ಬಿದ್ನೋ ಇಲ್ವೋ?" ಎಂದು ಎಬ್ಬಿಸಿ ಬರುತ್ತಾಳೆ. ನಮ್ಮ ಮೂಡಣಕ್ಕಿರುವವಳು ತುಂಗಕ್ಕ. ಹಪ್ಪಳ ಸಂಡಿಗೆ ಮಾಡಿ ಮಾರುತ್ತಾಳೆ. ಐವತ್ತೈದು ದಾಟಿದೆ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ನಾನು ಒಂದನೇ ಕ್ಲಾಸಿನಲ್ಲಿ ಓದಿದ "ಆನೆ ಬಂತು"ವಿನಿಂದ ಹಿಡಿದು ಬಿ.ಎಸ್ಸಿ. ಕೊನೆಯ ವರ್ಷದ ಬೆಳಕಿನ ವಕ್ರೀಭವನದವರೆಗೆ ಎಲ್ಲವನ್ನೂ ಹಿಟ್ಟು ನಾದುತ್ತ ಕೇಳಿದ್ದಾಳೆ. ಪರೀಕ್ಷೆಯ ದಿನ ನನಗಿಂತ ಮುಂಚೆ ಎದ್ದು ಬಾಗಿಲಲ್ಲಿ ನಿಂತಿರುತ್ತಿದ್ದಳು.

ಆ ಸೋಮವಾರ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕೊತ್ತಂಬರಿ ಸೊಪ್ಪು ಕೊಡುತ್ತ, ನನ್ನ ಮುಖ ಕೂಡ ನೋಡದೆ ಅಂದಳು. "ಏಳಾದ್ಮೇಲೆ ಒಂಬತ್ತಾ ಈಗ? ನಮ್ಮ ಕಾಲದಲ್ಲಿ ಮಧ್ಯೆ ಎಂಟು ಅಂತ ಒಂದಿತ್ತಪ್ಪ."

ನಾನು ಸೊಪ್ಪು ತೆಗೆದುಕೊಂಡು ಒಳಗೆ ಓಡಿದೆ.

ಊರಾಚೆಯ ಗುಡ್ಡದ ಮೇಲೆ ಭೂಮಾಪನ ವಿದ್ಯಾಲಯವಿದೆ. ಎರಡು ವರ್ಷ ಅಲ್ಲಿ ಕಲಿತು ಬಂದವರು ಹೆಗಲ ಮೇಲೆ ಮುಕ್ಕಾಲಿ ಹೊತ್ತು ಹೊಲ, ಹಳ್ಳ, ದಿಬ್ಬಗಳನ್ನು ಅಳೆಯುತ್ತ ಓಡಾಡುತ್ತಾರೆ. ಆ ಕೆಲಸ ನೋಡಿದಾಗಿನಿಂದ ನನಗೆ ಬೇರೆ ಏನೂ ಬೇಡವಾಗಿತ್ತು. ದೂರದಲ್ಲೊಬ್ಬ ಕೋಲು ಹಿಡಿದು ನಿಂತಿರುತ್ತಾನೆ, ಅವನಿಗೆ ಕೈ ಸನ್ನೆ ಮಾಡಿದರೆ ಸಾಕು, ಮಾತಾಡಬೇಕಾಗಿಲ್ಲ. ಅಳೆದದ್ದನ್ನು ಬರೆದುಕೊಂಡರಾಯಿತು. ದೇವರು ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ಉದ್ಯೋಗ ಹುಟ್ಟಿಸಿದನೆಂದು ನನ್ನ ನಂಬಿಕೆ. ಆದರೆ ಪ್ರವೇಶ ಪರೀಕ್ಷೆಯನ್ನು ಒಬ್ಬರು ಎರಡೇ ಸಲ ಬರೆಯಬಹುದು. ಹಿಂದಿನ ವರ್ಷ ನಾನು ನಾಲ್ಕು ಅಂಕದಲ್ಲಿ ಸೀಟು ಕಳೆದುಕೊಂಡಿದ್ದೆ. ಗಣಿತ ಪುಸ್ತಕದ ಎಂಟನೆಯ ಅಧ್ಯಾಯ "ಎತ್ತರ ಮತ್ತು ದೂರ", ಅದರಿಂದ ಮೂರು ಪ್ರಶ್ನೆ ಬಂದಿದ್ದವು. ಮೂರನ್ನೂ ಬಿಟ್ಟು ಬಂದು ಮನೆಯಲ್ಲಿ "ಪೇಪರ್ ಕಷ್ಟ ಇತ್ತು" ಎಂದಿದ್ದೆ. ಉಳಿದದ್ದು ಒಂದೇ ಸಲ.

"ಈ ಸಲ ಒಬ್ಬಳೇ ಒದ್ದಾಡೋದು ಬೇಡ, ಪ್ರಸನ್ನಮೂರ್ತಿ ಸರ್ ಕ್ಲಾಸಿಗೆ ಸೇರ್ಕೊ," ಎಂದರು ಅಪ್ಪ. ಅಪ್ಪ ದರ್ಜಿ. ಊರಿನ ಅರ್ಧ ಮಕ್ಕಳ ಸಮವಸ್ತ್ರ ಅವರ ಹೊಲಿಗೆಯದೇ. ಆ ಕ್ಲಾಸಿನ ಆಕಾಶನೀಲಿ ಶರ್ಟುಗಳೂ ಅವರವೇ.

ಆ ಕ್ಲಾಸಿನ ಕಟ್ಟಡ ನಮ್ಮ ಬೀದಿಯ ಕಟ್ಟಕಡೆಗಿದೆ. ಅದರ ಮೂಡಣಕ್ಕೆ ಕೆರೆ. ಪಾಠ ಪುಕ್ಕಟೆಯಾಗಿ ಪಕ್ಕದ ಮನೆಗೆ ಹೋಗಬಾರದೆಂದು ಸರ್ ಹುಡುಕಿ ಹುಡುಕಿ ಆ ಜಾಗ ಹಿಡಿದಿದ್ದರು. ಕೆರೆಯ ಕಪ್ಪೆಗಳಿಗೆ ಬೀಜಗಣಿತ ಬರುತ್ತದೆಂದು ಊರಿನಲ್ಲೊಂದು ತಮಾಷೆ. ಅಲ್ಲಿ ನಿಯಮವಿಷ್ಟೇ. ಮೊದಲ ಒಂದು ವಾರ ಯಾರು ಬೇಕಾದರೂ ಕೂತು ನೋಡಬಹುದು. ಶನಿವಾರ ರಿಜಿಸ್ಟರಿನಲ್ಲಿ ಹೆಸರು ಬರೆದರೆ ಸೇರಿದಂತೆ, ಬರೆಯದಿದ್ದರೆ ಆ ಜಾಗ ಬೇರೆಯವರಿಗೆ. ಸೇರಿದ ಮೇಲೆ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅಲ್ಲೇ. ಮನೆಯಲ್ಲೂ ಓದುತ್ತೇನೆ, ಕ್ಲಾಸಿಗೂ ಹೋಗುತ್ತೇನೆ ಎನ್ನುವುದು ಆಗದ ಮಾತು. ನಾನು ಮಂಗಳವಾರದಿಂದ ಹೋಗತೊಡಗಿದೆ. ತುಂಗಕ್ಕನಿಂದ ತಪ್ಪಿಸಿಕೊಳ್ಳಲು ಹೋಗುತ್ತಿದ್ದೇನೆ ಎಂದು ಡೈರಿಯಲ್ಲಿ ಕೂಡ ಬರೆಯಲಿಲ್ಲ.

ಸರ್ ಒಳ್ಳೆಯವರು. ಅವರ ಪಾಠ ಓಡುವ ಬಸ್ಸಿನ ಹಾಗೆ. ಬೋರ್ಡಿನ ತುಂಬ ಬರೆದು, ತಿರುಗಿ, ಕೈ ಮೇಲಿನ ಸೀಮೆಸುಣ್ಣ ಕೊಡವಿ "ಆಯ್ತಾ?" ಎನ್ನುತ್ತಿದ್ದರು. ನಲವತ್ತು ಬಾಯಿ ಒಟ್ಟಿಗೆ "ಆಯ್ತು ಸಾರ್" ಎನ್ನುತ್ತಿದ್ದವು. ಮೊದಲ ದಿನ ನಾನು ಅರ್ಥವಾಗುವ ಮುಂಚೆ ಹೇಗೆ ಹೇಳುವುದೆಂದು ತಡವರಿಸಿದೆ. ಪಕ್ಕದಲ್ಲಿ ಕೂತಿದ್ದ ವಾರಿಜ ಮೊಣಕೈಯಿಂದ ತಿವಿದಳು. ಅವಳು ಅಲ್ಲಿ ಎರಡನೇ ಸಲ ಕೂರುತ್ತಿದ್ದವಳು.

"ಏ, ಅದು ಪ್ರಶ್ನೆ ಅಲ್ಲ ಕಣೇ. ಸಾರ್‌ಗೆ ಉಸಿರು ತಗೊಳಕ್ಕೆ ಜಾಗ. ಸುಮ್ನೆ ಆಯ್ತು ಅನ್ನು, ಪಾಪ."

"ಅರ್ಥ ಆಗ್ದೇ ಇದ್ರೆ?"

"ಆಗ ಸ್ವಲ್ಪ ಜೋರಾಗಿ ಅನ್ನು."

ಬುಧವಾರದ ಹೊತ್ತಿಗೆ ನನಗೆ ಆ "ಆಯ್ತು ಸಾರ್" ರೂಢಿಯಾಯಿತು. ಸತ್ಯ ಹೇಳಬೇಕೆಂದರೆ ನನ್ನ ಜೀವನದಲ್ಲೇ ಅಷ್ಟು ನಿರಾಳವಾಗಿ ನಾನು ಎಲ್ಲೂ ಕೂತಿರಲಿಲ್ಲ. ಗುಂಪಿನ ದನಿಯಲ್ಲಿ ನನ್ನ ದನಿ ಸೇರಿಹೋಗುತ್ತಿತ್ತು. ಪುಸ್ತಕದ ಯಾವ ಪುಟದಲ್ಲಿ ನನ್ನ ಕಣ್ಣು ನಿಂತಿದೆ, ಯಾವುದನ್ನು ದಾಟಿದೆ ಎನ್ನುವುದು ಕಪ್ಪೆಗಳಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗುರುವಾರ ಎಂಟನೆಯ ಅಧ್ಯಾಯ ಬಂತು. ಸರ್ ಬೋರ್ಡಿನ ಮೇಲೆ ಕಟ್ಟಡ ಬರೆದರು, ಗೆರೆ ಎಳೆದರು, ಸೂತ್ರ ಹಾಕಿದರು, ಉತ್ತರ ತೆಗೆದರು. "ಆಯ್ತಾ?" ಎಂದರು. ನಾನು ಸ್ವಲ್ಪ ಜೋರಾಗಿಯೇ ಅಂದೆ.

ಮನೆಗೆ ಬಂದರೆ ಅಮ್ಮ ಕಣ್ಣರಳಿಸಿ "ಎಂಟು ಮುಗೀತಂತೆ?" ಎಂದಳು. ವಾರಿಜಳ ತಾಯಿ ಅಂಗಡಿಯಲ್ಲಿ ಸಿಕ್ಕಿದ್ದರಂತೆ. ಅಪ್ಪ ನೀಲಿ ಬಟ್ಟೆ ಹರಡಿಕೊಂಡು ನನ್ನ ಅಳತೆ ತೆಗೆದರು. "ಹೋದ ವರ್ಷ ಈ ಬುದ್ಧಿ ಬಂದಿದ್ರೆ ಇಷ್ಟು ಹೊತ್ತಿಗೆ ಗುಡ್ಡದ ಮೇಲಿರ್ತಿದ್ಲು," ಎಂದು ಅಳತೆಪಟ್ಟಿಗೇ ಹೇಳಿಕೊಂಡರು. ಅವರು ಅಷ್ಟು ಸಂತೋಷದಲ್ಲಿದ್ದಾಗ ಏನು ಹೇಳುವುದಕ್ಕೂ ಮನಸ್ಸಾಗುವುದಿಲ್ಲ.

ಶುಕ್ರವಾರ ಸರ್ "ನಾಳೆ ಹೆಸರು ಬರೆಸೋರು ಯೋಚನೆ ಮಾಡ್ಕೊಂಡು ಬನ್ನಿ" ಎಂದು ಮಧ್ಯಾಹ್ನಕ್ಕೇ ಬಿಟ್ಟರು. ನಾನು ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ನಮ್ಮದಕ್ಕೂ ತುಂಗಕ್ಕನದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆಯಷ್ಟೇ. ಅವಳು ಕೊಡೆ ಹಿಡಿದು, ಹಳೆಯ ಸೀರೆಯ ಮೇಲೆ ಇಟ್ಟ ಅರಳುಸಂಡಿಗೆ ಕಾಯುತ್ತ ಕೂತಿದ್ದಳು.

"ಬಂದ್ಯಾ? ನಾಕು ದಿನದಿಂದ ಮನೆ ಬಿಕೋ ಅಂತಿದೆ ಕಣೇ ಮಂದಾ. ನಿನ್ನ ಓದು ಇಲ್ದೇ ಹಿಟ್ಟೂ ಹದಕ್ಕೆ ಬರ್ತಿಲ್ಲ. ಎಂಟು ಆಯ್ತಂತೆ?"

"ಹೂಂ."

"ಅರ್ಥ ಆಯ್ತಾ?"

"ಆಯ್ತು ಸಾರ್."

ತುಂಗಕ್ಕ ಕೊಡೆ ಕೆಳಗಿಟ್ಟು ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ನಾನು ಯಾವಾಗ ಸಾರ್ ಆದ್ನೇ? ಅಯ್ಯೋ, ನಿನ್ನ ಮನೆ ಕಾಯ್ವಾಗ!" ನನಗೆ ಸೀರೆಯ ಕೆಳಗೆ ನುಸುಳಿ ಸಂಡಿಗೆಯ ಜೊತೆ ಒಣಗಿಹೋಗೋಣ ಎನ್ನಿಸಿತು.

"ಸರಿ, ಅರ್ಥ ಆಗಿದ್ರೆ ನಂಗೂ ಹೇಳು," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋದ ವರ್ಷ ಒಂದ್ಸಲ ನೀನು ಎಂಟು ಓದಿದ್ದೆ, ಅರ್ಧಕ್ಕೆ. ‘ಚಿತ್ರ ಎಂಟು ಪಾಯಿಂಟ್ ಮೂರು ನೋಡಿ’ ಅಂದೆ. ಎಲ್ಲಿ ನೋಡ್ಲಿ? ಗೋಡೆ ನೋಡ್ದೆ. ಒಲೆ ನೋಡ್ದೆ. ಅಷ್ಟ್ರಲ್ಲಿ ನೀನು ಒಂಬತ್ತಕ್ಕೆ ಹಾರ್ಬಿಟ್ಟೆ. ಒಂದು ವರ್ಷದಿಂದ ತಲೇಲಿ ಅದೇ. ಏನಪ್ಪಾ ಇತ್ತು ಆ ಚಿತ್ರದಲ್ಲಿ?"

ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಹದಿನಾರು ವರ್ಷ ನನ್ನ ಓದು ಅವಳಿಗೆ ತಲುಪಿತ್ತು, ಒಂದು ಚಿತ್ರವೂ ತಲುಪಿರಲಿಲ್ಲ. ಹೂವಿನ ಭಾಗಗಳು, ಮನುಷ್ಯನ ಹೃದಯ, ನದಿಗಳ ನಕ್ಷೆ, ಎಲ್ಲವೂ ಅವಳಿಗೆ "ಚಿತ್ರ ನೋಡಿ" ಎಂಬ ಎರಡು ಪದವಾಗಿ ಹೋಗಿದ್ದವು. ಕೆಳಗೆ ಹೋಗಿ ಪುಸ್ತಕ ತಂದೆ. ಗೋಡೆಯ ಮೇಲಿಟ್ಟು ತೋರಿಸಿದರೆ ಅವಳು ಕೈಯಲ್ಲಿ ಹಿಟ್ಟು ಅಂಟಿದೆ, ಕನ್ನಡಕ ಕೆಳಗಿದೆ, "ಬಾಯಲ್ಲೇ ಹೇಳು" ಎಂದಳು.

"ಒಂದು ಕಟ್ಟಡ ಇದೆ. ಮೇಲೆ ಒಬ್ಬ ನಿಂತಿದ್ದಾನೆ. ಕೆಳಗೆ ದೂರದಲ್ಲಿ ಒಂದು ಕಾರು."

"ಯಾರ್ದು?"

"ಪುಸ್ತಕದೋರ್ದು. ಕಟ್ಟಡ ಹನ್ನೆರಡು ಮೀಟರ್ ಎತ್ತರ. ಅವನು ಕಾರನ್ನ ನೋಡ್ತಾನೆ. ಅವನತ ಕೋನ ಮೂವತ್ತು ಡಿಗ್ರಿ. ಕಾರು ಎಷ್ಟು ದೂರ ಇದೆ ಅಂತ ಕಂಡುಹಿಡೀಬೇಕು."

"ಮೂವತ್ತು ಅಂದ್ಯಲ್ಲ, ಎಲ್ಲಿಂದ ಎಲ್ಲಿಗೆ?"

"ಕಟ್ಟಡದ ಗೋಡೆಯಿಂದ ಅವನ ನೋಟದವರೆಗೆ."

"ಚಿತ್ರದಲ್ಲಿ ಹಾಗಿದ್ಯಾ?"

ನೋಡಿದೆ. ಹಾಗಿರಲಿಲ್ಲ. ಆ ಮನುಷ್ಯನ ಕಣ್ಣಿನಿಂದ ನೇರ ಮುಂದಕ್ಕೆ, ಖಾಲಿ ಆಕಾಶದೊಳಕ್ಕೆ, ಒಂದು ಚುಕ್ಕಿಗೆರೆ ಹೋಗಿತ್ತು. ಕೋನದ ಗುರುತು ಆ ಚುಕ್ಕಿಗೆರೆಗೆ ಅಂಟಿಕೊಂಡಿತ್ತು. ಆ ಗೆರೆಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಅಂದಕ್ಕೆ ಹಾಕಿದ್ದಾರೆ ಎಂದುಕೊಂಡಿದ್ದೆ. ಲೆಕ್ಕ ಮಾಡಿದಾಗಲೆಲ್ಲ ನನಗೆ ಸುಮಾರು ಏಳು ಮೀಟರ್ ಬರುತ್ತಿತ್ತು, ಪುಸ್ತಕದ ಹಿಂದೆ ಇಪ್ಪತ್ತೊಂದರ ಹತ್ತಿರ ಇತ್ತು. ಅಚ್ಚಿನ ತಪ್ಪೆಂದು ಮೊದಲು ಸಮಾಧಾನ ಮಾಡಿಕೊಂಡೆ, ಆಮೇಲೆ ಹಾರಿಸಲು ಕಲಿತೆ.

"ಒಂದು ಗೆರೆ ಇದೆ," ಎಂದೆ. "ಅವನ ಕಣ್ಣಿಂದ ಸೀದಾ ಮುಂದಕ್ಕೆ."

"ಅಲ್ಲೇನಿದೆ?"

"ಏನೂ ಇಲ್ಲ."

"ಏನೂ ಇಲ್ದಿರೋ ಕಡೆಗೆ ಯಾಕೆ ಗೆರೆ ಎಳೀತಾರೆ?"

ತುಂಗಕ್ಕ ಎದುರಿಗೆ, ಕಣ್ಣಿನ ಮಟ್ಟಕ್ಕೇ ಕಾಣುವ ನೀರಿನ ಟ್ಯಾಂಕಿನ ಕಡೆ ನೋಡುತ್ತ ಯೋಚಿಸತೊಡಗಿದಳು. ಆಗ ಕೆಳಗೆ ಅಂಗಳದಲ್ಲಿ ಮೊರದಲ್ಲಿ ಹರಡಿಟ್ಟಿದ್ದ ಸಂಡಿಗೆಯ ಮೇಲೆ ಕಾಗೆ ಬಂದು ಕೂತಿತು. "ಹೋಯ್! ನಿನ್ನ ಕೊಕ್ಕು ಸೇದಿಹೋಗ!" ಎಂದು ಬಗ್ಗಿ ಕೂಗಿದವಳು ಹಾಗೇ ಬಗ್ಗಿದಂತೆಯೇ ನಿಂತಳು. ಕಾಗೆ ಒಂದು ಸಂಡಿಗೆ ಎತ್ತಿಕೊಂಡು ಹೋಯಿತು. ಅವಳಿಗೆ ಅದರ ಪರಿವೆಯೇ ಇಲ್ಲ.

"ತಾಳೇ, ತಾಳು. ನಾನು ಎದುರಿಗೆ ಟ್ಯಾಂಕ್ ನೋಡ್ತಿದ್ದೆ. ಕಾಗೆ ನೋಡಕ್ಕೆ ತಲೆ ಇಷ್ಟು ಬಗ್ಗಿಸ್ದೆ." ಮತ್ತೆ ತಲೆಯೆತ್ತಿದಳು, ಮತ್ತೆ ಬಗ್ಗಿಸಿದಳು, ಕೋಳಿ ಕಾಳು ಹೆಕ್ಕಿದ ಹಾಗೆ ನಾಲ್ಕು ಸಲ. "ಈ ಬಗ್ಗಿಸಿದ್ದು ಎಷ್ಟು ಅಂತ ಅಳೆಯೋದಿದ್ರೆ, ಮೊದಲು ಎಲ್ಲಿ ನೋಡ್ತಿದ್ದೆ ಅನ್ನೋದೂ ಬೇಕಲ್ವಾ? ಅದಕ್ಕೇ ಇರ್ಬೇಕು ಆ ಗೆರೆ. ಅವ್ನು ಮೊದಲು ನೋಡ್ತಿದ್ದ ಕಡೆ."

ಅಚ್ಚಿನವರು ಅಂದಕ್ಕೆ ಹಾಕಿದ್ದೆಂದು ನಾನಂದುಕೊಂಡಿದ್ದ ಗೆರೆ ಅವನ ನೋಟ ಹೊರಟ ಜಾಗವಾಗಿತ್ತು. "ಅವನತ ಅಂದ್ರೆ ಬಗ್ಗಿದ್ದು," ಎಂದೆ ಮೆಲ್ಲಗೆ.

"ಹೆಸರಲ್ಲೇ ಬರ್ದಿದ್ದಾರಲ್ಲೇ! ನೀನೋ, ಗೋಡೆಯಿಂದ ಅಳೆದು, ಪಾಪ ಆ ಕಾರನ್ನ ತಂದು ಕಟ್ಟಡದ ಬುಡಕ್ಕೇ ನಿಲ್ಲಿಸ್ಬಿಟ್ಟಿದ್ದೆ. ಅಲ್ಲ ಕಣೇ, ತಲೆ ಬಗ್ಗಿಸೋ ಲೆಕ್ಕ ನಿಂಗೇ ಬರ್ಲಿಲ್ವಾ? ಹುಟ್ಟಿದಾಗಿಂದ ಅದನ್ನೇ ತಾನೇ ಮಾಡ್ತಿರೋದು?"

ನನಗೂ ನಗು ತಡೆಯಲಾಗಲಿಲ್ಲ. ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಸಂಜೆಯವರೆಗೆ ಆ ಅಧ್ಯಾಯದ ಹನ್ನೊಂದು ಲೆಕ್ಕ ಮಾಡಿದೆವು. ಪ್ರತಿ ಚಿತ್ರವನ್ನೂ ನಾನು ಬಾಯಲ್ಲಿ ಹೇಳಬೇಕು, ಅವಳು ಅಡ್ಡ ಪ್ರಶ್ನೆ ಹಾಕಬೇಕು. ದೀಪಸ್ತಂಭದ ಮೇಲೆ ಹತ್ತಿದವನು ಇಳಿದದ್ದು ಹೇಗೆ ಎಂದೂ ಕೇಳಿದಳು, ಅದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಹೇಳುತ್ತ ಹೇಳುತ್ತ ಎಲ್ಲೆಲ್ಲಿ ನನ್ನ ಮಾತು ತೊದಲುತ್ತಿತ್ತೋ ಅಲ್ಲಲ್ಲೇ ನನಗೆ ತಿಳಿಯದೆ ಉಳಿದದ್ದು ಇರುತ್ತಿತ್ತು. ಹನ್ನೊಂದರಲ್ಲಿ ಹತ್ತು ಸರಿಬಂದವು.

"ಉಳಿದ ಒಂದು ಸೋಮವಾರ ಮಾಡೋಣ," ಎಂದವಳು ಏನೋ ನೆನಪಾಗಿ ನಿಲ್ಲಿಸಿದಳು. "ಓ, ಸೋಮವಾರದಿಂದ ನಿಂಗೆ ಕ್ಲಾಸಲ್ವಾ. ಹೋಗ್ಲಿ ಬಿಡು. ಸರ್ ಹೇಳ್ಕೊಡ್ತಾರೆ." ಸಂಡಿಗೆ ಸೀರೆಯ ನಾಲ್ಕು ಮೂಲೆ ಒಟ್ಟುಮಾಡಿ ಗಂಟುಹಾಕಿಕೊಂಡು ಮೆಟ್ಟಿಲಿಳಿದಳು. ಇರು ಎನ್ನಲಿಲ್ಲ, ಹೋಗಬೇಡ ಎನ್ನಲಿಲ್ಲ.

ಕೆಳಗೆ ಅಪ್ಪ ಶರ್ಟು ಮುಗಿಸಿ ಇಸ್ತ್ರಿ ಮಾಡಿಟ್ಟಿದ್ದರು. ಜೇಬಿನ ಮೇಲೆ ಬಿಳಿ ದಾರದಲ್ಲಿ "ಮಂದಾಕಿನಿ" ಎಂದು ಕಸೂತಿ ಹಾಕಿದ್ದರು. ಬೇರೆ ಯಾರ ಶರ್ಟಿಗೂ ಹಾಗೆ ಹಾಕಿರಲಿಲ್ಲ. "ಹಾಕ್ಕೊಂಡು ನೋಡಮ್ಮ," ಎಂದರು. ಹಾಕಿಕೊಂಡೆ. ಹೇಳಿ ಹೊಲಿಸಿದ ಹಾಗೆ ಕೂತಿತು. ಊಟಕ್ಕೆ ಕೂತಾಗ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಉಪ್ಪಿನಕಾಯಿ ಕೇಳಿದೆ, ಇನ್ನೊಂದು ಸಲ ನೀರು.

ನಾನು ನನ್ನನ್ನೇ ಕೇಳಿಕೊಂಡೆ, ಕ್ಲಾಸಿನಲ್ಲಿ ಕೈಯೆತ್ತಿ ಕೇಳಿದ್ದರೆ ಸರ್ ಹೇಳಿಕೊಡುತ್ತಿರಲಿಲ್ಲವೇ? ಖಂಡಿತ ಹೇಳಿಕೊಡುತ್ತಿದ್ದರು. ಆದರೆ ನಾನು ಕೈಯೆತ್ತುವವಳಲ್ಲ. ನಾಲ್ಕು ದಿನ ಎತ್ತಲಿಲ್ಲ, ನಾಲ್ಕು ತಿಂಗಳೂ ಎತ್ತುವುದಿಲ್ಲ. ಆರಾಮಾಗಿ "ಆಯ್ತು" ಎನ್ನುತ್ತ ಎರಡನೆಯ ಸಲವನ್ನೂ ಕಳೆದುಕೊಂಡು ಬರುತ್ತೇನೆ, ಆಗಲೂ ಪೇಪರ್ ಕಷ್ಟ ಇತ್ತು ಎನ್ನುತ್ತೇನೆ.

ಶನಿವಾರ ಅಪ್ಪನೂ ನನ್ನ ಜೊತೆ ಬಂದರು, ಶರ್ಟುಗಳ ಗಂಟು ಹೊತ್ತುಕೊಂಡು. ಸರ್ ಮೇಜಿನ ಮೇಲೆ ರಿಜಿಸ್ಟರ್ ತೆರೆದಿಟ್ಟು ಒಬ್ಬೊಬ್ಬರನ್ನೇ ಕರೆದರು. ಹೆಸರು ಬರೆದವರಿಗೆ ಅಪ್ಪ ಒಂದೊಂದು ಶರ್ಟು ಕೊಡುತ್ತಿದ್ದರು, ಹಬ್ಬದ ಬಾಗಿನ ಕೊಟ್ಟ ಹಾಗೆ. ವಾರಿಜ ಶರ್ಟು ಹಿಡಿದು ಹಿಂದಿರುಗುವಾಗ ನನ್ನ ಕಿವಿಯಲ್ಲಿ "ಹೋಗೇ, ಕಿಟಕಿ ಪಕ್ಕದ ಜಾಗ ಹಿಡಿದಿಟ್ಟಿದೀನಿ," ಎಂದಳು. ನನ್ನ ಸರದಿ ಬಂತು.

"ಬಾಮ್ಮ ಮಂದಾಕಿನಿ!" ಎಂದು ಸರ್ ಎದ್ದೇ ನಿಂತರು. "ನೋಡಿ ಯಜಮಾನ್ರೇ, ಈ ವಾರದಲ್ಲಿ ಒಂದೇ ಒಂದು ಡೌಟ್ ಕೇಳದ ಹುಡುಗಿ ನಿಮ್ಮ ಮಗಳು. ಹೇಳಿದ್ದೆಲ್ಲ ಒಂದೇ ಸಲಕ್ಕೆ ಗ್ರಹಿಸ್ತಾಳೆ. ಇಂಥೋರಿದ್ರೆ ಪಾಠ ಮಾಡೋಕೆ ಖುಷಿ." ಅಪ್ಪ ಗಂಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ನಗು ತಡೆಯಲಾರದೆ ನೆಲ ನೋಡಿದರು. ಈ ನೆಲ ನೋಡುವ ಅಭ್ಯಾಸ ನನಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಸರ್ ಪೆನ್ನು ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

"ಬರಿಯಮ್ಮ, ಇಂಕ್ ಇದೆ."

ನಾನು ತಲೆ ಅಲ್ಲಾಡಿಸಿದೆ. ಹಿಂದೆ ನಲವತ್ತು ಜನರ ಗುಸುಗುಸು ನಿಂತಿತು. ಕೆರೆಯ ಕಡೆಯಿಂದ ಒಂದು ಕಪ್ಪೆ ಮಾತ್ರ ಏನೋ ಅಭಿಪ್ರಾಯ ಹೇಳಿತು. ಅಪ್ಪ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು.

"ಯಾಕಮ್ಮ? ಮನೇಲೇ ಓದ್ಕೋತೀಯಾ?" ಸರ್‌ಗೆ ಸಿಟ್ಟು ಬಂದಿರಲಿಲ್ಲ, ಗೊಂದಲವಾಗಿತ್ತು. "ಎಲ್ಲ ಚೆನ್ನಾಗೇ ಅರ್ಥ ಆಗ್ತಿತ್ತಲ್ಲ. ಇಲ್ಲೇನು ತೊಂದರೆ ಆಯ್ತು ನಿಂಗೆ?"

ಇಡೀ ಕೋಣೆಗೆ ಕೇಳಿಸುವಷ್ಟು ದೊಡ್ಡ ದನಿ ನನ್ನೊಳಗಿದೆಯೆಂದು ನನಗೇ ಗೊತ್ತಿರಲಿಲ್ಲ.

"ತೊಂದ್ರೆ ಏನೂ ಆಗ್ಲಿಲ್ಲ ಸಾರ್. ಇಲ್ಲಿ ನಂಗೆ ಗೊತ್ತಿಲ್ದೇ ಇರೋದು ಯಾರಿಗೂ ಕೇಳ್ಸಲ್ಲ. ಅದಕ್ಕೇ ತುಂಬಾ ಆರಾಮಾಗಿದ್ದೆ."